ಎದುರುನೆರಳು

ಅವ್ವನನ್ನು ಹೊತ್ತುಕೊಂಡು ಹೋದ ಮೇಲೂ ಅವಳ ನೆರಳು ಗೋಡೆಯ ಮೇಲೇ ಕೂತಿತ್ತು. ಮೊದಲಿಗೆ ನಾನದನ್ನು ನೋಡಲಿಲ್ಲ. ಸುಣ್ಣದ ಕೇರಿಯ ಹೆಂಗಸರು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರು. ಯಾರೋ ನನ್ನ ತಲೆಗೆ ನೀರು ಹೊಯ್ದಿದ್ದರು, ಅದು ಇನ್ನೂ ಬೆನ್ನ ಮೇಲೆ ಇಳಿಯುತ್ತಿತ್ತು. ನಡುಮನೆಗೆ ಬಂದು ಕೂತಾಗ ಬೆಳಗಿನ ಬಿಸಿಲು ಪೂರ್ವದ ಕಿಟಕಿಯಿಂದ ಒಳಗೆ ಬಂದು ಮಗ್ಗದ ಮೇಲೆ ಬಿದ್ದಿತ್ತು. ಆ ಕಿಟಕಿಯ ಪಕ್ಕದ ಗೋಡೆಯಲ್ಲಿ ಅವ್ವನ ಬಾಗಿದ ಬೆನ್ನು, ತುರುಬು, ಮಂಡಿಯ ಮೇಲಿಟ್ಟ ಎಡಗೈ ಎಲ್ಲವೂ ಇದ್ದವು. ಮಗ್ಗದ ಮುಂದೆ ಮಾತ್ರ ಯಾರೂ ಇರಲಿಲ್ಲ.

ನಮ್ಮೂರಿನಲ್ಲಿ ಹೆಚ್ಚಿನವರ ನೆರಳು ಬೆಳಕಿಗೆ ಬೆನ್ನು ಹಾಕಿ ಬೀಳುತ್ತದೆ. ಅವರು ಹಿನ್ನೆರಳಿನವರು. ನಮ್ಮಂಥವರದು ಬೆಳಕಿನ ಕಡೆಗೇ ಬೀಳುತ್ತದೆ. ನಾವು ಎದುರುನೆರಳಿನವರು. ದೀಪಕ್ಕೆ ಮುಖ ಮಾಡಿ ಓದಲು ಕೂತರೆ ನಮ್ಮ ನೆರಳೇ ಪುಸ್ತಕವನ್ನು ಮುಚ್ಚುತ್ತದೆ, ಅದಕ್ಕೆ ನಾವು ದೀಪಕ್ಕೆ ಬೆನ್ನು ಹಾಕಿ ಓದುತ್ತೇವೆ. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆಯ ಸೀಟು ನಮ್ಮದು, ನೆರಳು ಕಿಟಕಿಯಿಂದ ಆಚೆ ಹೋಗಲಿ, ಪಕ್ಕದವರ ಮೈಮೇಲೆ ಬೀಳದಿರಲಿ ಎಂದು. ಬಸ್ಸು ತಿರುವಿನಲ್ಲಿ ಹೊರಳಿದರೆ ನಾವು ಎದ್ದು ಆ ಕಡೆಗೆ ಹೋಗಿ ಕೂರುತ್ತೇವೆ. ಎದ್ದೇಳದಿದ್ದರೆ ಕಂಡಕ್ಟರು ಎಬ್ಬಿಸುತ್ತಾನೆ. ಇದೆಲ್ಲ ನನಗೆ ಚಿಕ್ಕಂದಿನಿಂದ ಎಷ್ಟು ಅಭ್ಯಾಸವಾಗಿತ್ತೆಂದರೆ ಕಾಲೇಜಿಗೆ ಹೋಗುವ ಮೂರು ವರ್ಷವೂ ತಿರುವು ಬರುವ ಮೊದಲೇ ನನ್ನ ಕಾಲು ಎದ್ದು ನಿಂತಿರುತ್ತಿತ್ತು.

ಎದುರುನೆರಳಿನವರಲ್ಲಿ ಸುಣ್ಣದವರಿದ್ದಾರೆ, ಜೊಂಡಿನವರಿದ್ದೆವು. ಅವರು ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವವರು, ನಾವು ಕೆರೆಯ ಜೊಂಡು ಕೊಯ್ದು ಚಾಪೆ ನೆಯ್ಯುವವರು. ಅವರ ಮಾತು ಬೇರೆ, ನಮ್ಮ ಮಾತು ಬೇರೆ. ಅವರು ಮೀನಿಗೆ ಹುಣಸೆ ಹಾಕುತ್ತಾರೆ, ನಾವು ಮೀನನ್ನೇ ತಿನ್ನುವುದಿಲ್ಲ, ಕೆರೆಯಲ್ಲಿ ನಮ್ಮ ಹಿರೀಕರಿದ್ದಾರೆ ಎನ್ನುತ್ತೇವೆ. ಊರಿಗೆ ಇದು ಯಾವುದೂ ಗೊತ್ತಿಲ್ಲ. ಕೆರೆ ಸಣ್ಣದಾದಂತೆ ಜೊಂಡಿನ ಕೇರಿಯ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಂಡು, ಕೊನೆಗೆ ಅವ್ವ ಮತ್ತು ನಾನು ಇಬ್ಬರೇ ಉಳಿದದ್ದೂ ಊರಿಗೆ ಗೊತ್ತಾಗಲಿಲ್ಲ. ಎದುರುನೆರಳಿನವರು ಇನ್ನೂ ಇದ್ದರಲ್ಲ.

ಸೋಮವಾರ ಮಧ್ಯಾಹ್ನ ಅವ್ವ ಮಗ್ಗದ ಮುಂದೆ ಹಾಗೇ ಒರಗಿದಳು. ನಾನು ಚಾವಡಿಗೆ ಹೋಗಿ ನೆರಳಿನ ಅಮೀನರಿಗೆ ತಿಳಿಸಿದೆ. ಸಾವಿನ ಮನೆಗೆ ಹನ್ನೊಂದು ದಿನ, ಸತ್ತವರ ನೆರಳು ಯಾವ ಕಡೆಗೋ ಅದೇ ಕಡೆಯ ನೆರಳಿನವರು ಮಾತ್ರ ಕಾಲಿಡಬೇಕು, ಅದನ್ನು ನೋಡಿಕೊಳ್ಳುವುದೇ ಅಮೀನರ ಕೆಲಸ. ಅವರು ಮರುಗಿದರು, ನಿಮ್ಮ ಜನರನ್ನು ಕಳಿಸುತ್ತೇನೆ ಎಂದರು. ಬೆಳಗಾಗುವಷ್ಟರಲ್ಲಿ ಸುಣ್ಣದ ಕೇರಿಯಿಂದ ಸಾಕವ್ವ ಹದಿನಾಲ್ಕು ಹೆಂಗಸರ ಜೊತೆ ಬಂದಳು. ದಪ್ಪ ದನಿಯ, ಕೈತುಂಬ ಸುಣ್ಣದ ಬಿರುಕುಗಳಿದ್ದ ಹೆಂಗಸು. ನನ್ನನ್ನು ಎದೆಗೆ ಒತ್ತಿಕೊಂಡು ಅತ್ತಳು. ಅವ್ವನ ಪಾದ ತೊಳೆದಳು, ಹಣೆಗೆ ಸುಣ್ಣ ಬಳಿದಳು. ಆಮೇಲೆ ಮೂಲೆಯಲ್ಲಿದ್ದ ಅವ್ವನ ಮಲಗುವ ಚಾಪೆಯನ್ನು ಹಾಸಿ ಅವ್ವನನ್ನು ಅದರಲ್ಲಿ ಸುತ್ತಿದಳು.

ಆಗ ನಾನು ಬಾಯಿ ತೆರೆಯಬೇಕಿತ್ತು. ಅಜ್ಜಿ ಸತ್ತಾಗ ನನಗೆ ಐದು ವರ್ಷ. ಅಜ್ಜಿಯ ಚಾಪೆಯನ್ನು ಯಾರೂ ಮಣ್ಣಿಗೆ ಕಳಿಸಿರಲಿಲ್ಲ, ಗೋಡೆಗೆ ಒರಗಿಸಿಟ್ಟಿದ್ದರು, ಆಮೇಲೆ ಅದನ್ನು ಏನೋ ಮಾಡಿದ್ದರು ಎಂಬಷ್ಟು ನೆನಪಿತ್ತು. ಆದರೆ ಸಾಕವ್ವನ ಕೈಗಳು ಎಷ್ಟು ಖಚಿತವಾಗಿ ಕೆಲಸ ಮಾಡುತ್ತಿದ್ದವು. ಹದಿನಾಲ್ಕು ಜನ ನನಗಾಗಿ ಅಳುತ್ತಿದ್ದರು. ನಾನು ನಾಲ್ಕು ಜನರಿದ್ದಲ್ಲಿ ನೀರು ಬೇಕೆಂದು ಕೇಳಲೂ ಹಿಂದುಮುಂದು ನೋಡುವವಳು. ಆ ದಿನದ ಡೈರಿಯ ಪುಟದಲ್ಲಿ ‘ಚಾಪೆ’ ಎಂದಷ್ಟೇ ಬರೆದಿದ್ದೇನೆ.

ಮೂರನೆಯ ದಿನ ಸಾಕವ್ವ ಒಂದು ಬಕೆಟ್ಟು ಸುಣ್ಣ, ಕತ್ತಾಳೆ ನಾರಿನ ಕುಂಚ ತಂದಳು. ಸುಣ್ಣದವರಲ್ಲಿ ಸತ್ತವರ ನೆರಳು ಮೂರು ದಿನ ಗೋಡೆಯ ಮೇಲೆ ಇರುತ್ತದಂತೆ, ಹೊಸ ಸುಣ್ಣ ಬಳಿದರೆ ಕರಗಿ ಹೋಗುತ್ತದಂತೆ. ಅವಳು ಅವ್ವನ ನೆರಳಿನ ಮೇಲೆ ಅಡಿಯಿಂದ ಮುಡಿಯವರೆಗೆ ಬಳಿದಳು, ಬಳಿಯುತ್ತಾ ತಮ್ಮ ಮಾತಿನಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದಳು. ಗೋಡೆ ಬೆಳ್ಳಗಾಯಿತು. ನಾವಿಬ್ಬರೂ ಕೂತು ನೋಡಿದೆವು. ಸುಣ್ಣ ಒಣಗುತ್ತ ಬಂದ ಹಾಗೆ ಅದರ ಮೇಲುಗಡೆಗೆ ಅವ್ವನ ನೆರಳು ಮೊದಲಿಗಿಂತ ಕಪ್ಪಾಗಿ ಎದ್ದಿತು. ಸಾಕವ್ವ ಇನ್ನೊಂದು ಕೈ ಬಳಿದಳು. ಮತ್ತೆ ಎದ್ದಿತು. ಮೂರನೆಯ ಸಲವೂ ಎದ್ದಾಗ ಅವಳು ಕುಂಚ ಕೆಳಗಿಟ್ಟಳು.

“ನಮ್ಮೋರ ನೆರಳು ಯಾವ್ದೂ ಹಿಂಗ್ ಮಾಡ್ಲಿಲ್ಲ ಕಣವ್ವ,” ಎಂದಳು. “ನಿಮ್ಮೋರು ಏನ್ ಮಾಡ್ತಿದ್ರಿ ಇದ್ಕೆ?”

ನನಗೆ ಗೊತ್ತಿರಲಿಲ್ಲ. ನಾನು ಶಾಲೆಗೆ ಸೇರಿದ ದಿನದಿಂದ ಅವ್ವ ನನ್ನ ಜೊತೆ ನಮ್ಮ ಮಾತು ಆಡುವುದನ್ನು ನಿಲ್ಲಿಸಿದ್ದಳು. ನೆರಳನ್ನಂತೂ ಬದಲಿಸಲು ಆಗುವುದಿಲ್ಲ, ನಾಲಿಗೆಯಾದರೂ ಊರಿನವರ ಹಾಗೆ ಇರಲಿ ಎಂದುಕೊಂಡಿರಬೇಕು. ನನಗೆ ಉಳಿದದ್ದು ನೀರು, ಉಪ್ಪು, ಬಾ, ಮಲಗು ಎಂಬಂಥ ಏಳೆಂಟು ಪದ. ಕಾಲೇಜಿನ ಕೊನೆಯ ವರ್ಷ ಸಮಾಜಶಾಸ್ತ್ರದ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬಂದಿತ್ತು, ಜನಾಂಗಕ್ಕೂ ಜನಾಂಗೀಯ ಗುಂಪಿಗೂ ಇರುವ ವ್ಯತ್ಯಾಸವೇನು ಎಂದು. ಜನಾಂಗ ಎಂಬುದು ಮೈಮೇಲೆ ಕಾಣುವ ಗುರುತು ನೋಡಿ ಬೇರೆಯವರು ನಮಗೆ ಹಚ್ಚುವ ಹೆಸರು, ಜನಾಂಗೀಯ ಗುಂಪು ಎಂಬುದು ಮಾತು, ಊಟ, ಆಚರಣೆ, ನೆನಪುಗಳಿಂದ ತಲೆಮಾರುಗಳು ಕಟ್ಟಿಕೊಂಡು ಬಂದದ್ದು ಎಂದು ಎರಡು ಪುಟ ಬರೆದು ಎಂಟು ಅಂಕ ತೆಗೆದುಕೊಂಡಿದ್ದೆ. ಉದಾಹರಣೆಗೆ ದೂರದೂರದ ದೇಶಗಳ ಹೆಸರು ಕೊಟ್ಟಿದ್ದೆ. ಸುಣ್ಣ ಬಳಿದ ಗೋಡೆಯ ಮುಂದೆ ಕೂತಾಗ ಆ ಎರಡು ಪುಟ ನೆನಪಾದವು.

ಹನ್ನೊಂದನೆಯ ದಿನದ ಸಂಜೆಯೊಳಗೆ ಹೋಗದ ನೆರಳು ಮನೆ ಬಿಟ್ಟು ಕೆರೆಗೋಡೆಗೆ ಹೋಗಿ ಸೇರುತ್ತದೆ. ಕೆರೆಯ ಏರಿಗೆ ಕಟ್ಟಿರುವ ಉದ್ದನೆಯ ಕಲ್ಲುಗೋಡೆ ಅದು. ಅಲ್ಲಿ ದಾರಿಹೋಕರ, ಅನಾಥರ, ಯಾರೂ ದಿಕ್ಕಿಲ್ಲದವರ ನೆರಳುಗಳಿವೆ, ನೂರಾರು, ಒಂದರ ಮೇಲೊಂದು. ಹತ್ತಿರದಿಂದ ನೋಡಿದರೆ ಅಲ್ಲೊಂದು ಕಿವಿ, ಇಲ್ಲೊಂದು ಮೊಣಕೈ ಕಾಣುತ್ತದೆ, ಯಾರದೆಂದು ಹೇಳಲಾಗುವುದಿಲ್ಲ. ಆ ದಾರಿಯಲ್ಲಿ ಹೋಗುವವರು ಗೋಡೆಯ ಕಡೆಗೆ ಛತ್ರಿ ವಾಲಿಸಿಕೊಂಡು ಹೋಗುತ್ತಾರೆ. ಅವ್ವ ಅಲ್ಲಿ ಹೋಗಿ ಸೇರಿದರೆ ನಾಳೆ ನನಗೇ ಅವಳ ಗುರುತು ಸಿಗದು.

ನಾಲ್ಕನೆಯ ದಿನದಿಂದ ನೆರಳು ಕೈಯಾಡಿಸತೊಡಗಿತು. ಬೆಳಗ್ಗೆ ಒಂಬತ್ತಕ್ಕೆ, ಅವ್ವ ಕೆಲಸಕ್ಕೆ ಕೂರುವ ಹೊತ್ತಿಗೆ, ಗೋಡೆಯ ಮೇಲಿನ ಎರಡು ಕೈಗಳು ಮೆಲ್ಲಗೆ ಎದ್ದು ನೆಯ್ಯುತ್ತಿದ್ದವು. ಎಡಗೈ ಎಳೆ ಹಿಡಿಯುವುದು, ಬಲಗೈ ಹುರಿಯ ಸಂದಿನಲ್ಲಿ ತೂರಿಸುವುದು, ಆಮೇಲೆ ಹಲಗೆಯಿಂದ ಒತ್ತುವುದು. ಸ್ವಲ್ಪ ಹೊತ್ತಿಗೆ ನೆರಳಿನ ಎಡಗೈ ನನ್ನ ಕಡೆಗೆ ಚಾಚಿ ಹಾಗೇ ನಿಲ್ಲುತ್ತಿತ್ತು. ಚಿಕ್ಕಂದಿನಲ್ಲಿ ಅವ್ವ ಹೀಗೆ ಕೈ ಚಾಚಿದಾಗ ನಾನು ನೆನೆಸಿದ ಜೊಂಡಿನ ಎಳೆ ಕೊಡುತ್ತಿದ್ದೆ. ಈಗ ನಾನು ಒಂದು ಎಳೆ ಹಿಡಿದು ಗೋಡೆಯ ಹತ್ತಿರ ಹೋದರೆ ನನ್ನದೇ ನೆರಳು ಕಿಟಕಿಯ ಕಡೆಗೆ ಚಾಚಿಕೊಂಡು ಅವಳ ಕೈಯನ್ನು ಮುಟ್ಟುತ್ತಿತ್ತು. ಎಳೆ ಮಾತ್ರ ನನ್ನ ಬೆರಳಲ್ಲೇ ಉಳಿಯುತ್ತಿತ್ತು. ಅವಳ ಕೈ ಕಾಯುತ್ತಲೇ ಇತ್ತು. ಬಿಸಿಲು ಕಿಟಕಿಯಿಂದ ಮೇಲೆ ಸರಿಯುವವರೆಗೂ ಕಾಯಿತು.

ಆ ನಾಲ್ಕನೆಯ ದಿನದ ಮಧ್ಯಾಹ್ನವೇ ನಾನು ಪುರಿಭಟ್ಟಿಗೆ ಹೋದೆ. ಹಿನ್ನೆರಳಿನವರ ಬೀದಿಯ ಕೊನೆಯಲ್ಲಿ ಹೊನ್ನಾಜಮ್ಮ ಎಂಬುವಳು ಪುರಿ ಹುರಿಯುತ್ತಿದ್ದಳು. ಅವ್ವ ಪ್ರತಿ ಸಂತೆಯ ದಿನ ಅಲ್ಲಿಗೆ ಹೋಗಿ ಎರಡು ಸೇರು ಪುರಿ ತರುತ್ತಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಪುರಿ ಯಾರೂ ತಿನ್ನುತ್ತಿರಲಿಲ್ಲ. ಒಂದೇ ಒಂದು ಸಲ ನಾನೂ ಜೊತೆಗೆ ಹೋಗಿದ್ದಾಗ, ಭಟ್ಟಿಯ ಹೊಗೆಯ ಆಚೆ ಅವರಿಬ್ಬರೂ ತಲೆ ಹತ್ತಿರ ತಂದುಕೊಂಡು ನಮ್ಮ ಮಾತಿನಲ್ಲಿ ಮಾತಾಡುತ್ತಿದ್ದುದು ಕೇಳಿತ್ತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಹೊನ್ನಾಜಮ್ಮ ಬಾಣಲೆಯ ಬಿಸಿ ಮರಳಿನಲ್ಲಿ ಅಕ್ಕಿ ತಿರುವುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಕೈ ನಿಂತಿತು. ಅಕ್ಕಿ ಸೀದು ಹೊಗೆಯಾಡಿತು. ಅವಳಿಗೆ ಸುದ್ದಿ ಗೊತ್ತಿತ್ತು, ನಿಯಮ ಮೀರಿ ಬರಲಾಗಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ಗೋಡೆಯ ಮೇಲಿನ ಕೈಗಳ ವಿಷಯ ಹೇಳಿದೆ. ಅವಳು ಜರಡಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

“ಚಾಪೆ ಬಿಚ್ಚಿದ್ರಾ?” ಎಂದು ಕೇಳಿದಳು.

“ಅವ್ವನ ಜೊತೆಗೇ ಮಣ್ಣಾಯ್ತು.”

ಅವಳು ಎದ್ದು ಸೀದ ಅಕ್ಕಿಯನ್ನು ಬಾಣಲೆಯಿಂದ ತೆಗೆದು ಚೆಲ್ಲಿದಳು. ಆಮೇಲೆ ತನ್ನ ಕಥೆ ಹೇಳಿದಳು. ಹಾಲುಹಲ್ಲು ಬೀಳುವವರೆಗೆ ಮಕ್ಕಳ ನೆರಳು ಎತ್ತಲೂ ನಿಲ್ಲುವುದಿಲ್ಲ, ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಸುತ್ತಲೂ ಆಡುತ್ತಿರುತ್ತದೆ. ಅವಳು ತಿಂಗಳ ಕೂಸಾಗಿದ್ದಾಗ ಜೊಂಡಿನ ನಡುವೆ ಸಿಕ್ಕವಳು. ನನ್ನ ಅಜ್ಜಿ ಅವಳನ್ನು ಅವ್ವನ ಜೊತೆಗೇ ಹಾಲೂಡಿಸಿ ಸಾಕಿದಳು. ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿ ಏಳು ವರ್ಷ ಬೆಳೆದರು. ಹಲ್ಲು ಬಿದ್ದ ವಾರ ಹೊನ್ನಾಜಮ್ಮನ ನೆರಳು ಹಿಂದಕ್ಕೆ ಬಿತ್ತು. ಆಗಿನ ಅಮೀನರು ಬಂದು, ಇದು ನಿಮ್ಮದಲ್ಲ ಎಂದು ಕರೆದುಕೊಂಡು ಹೋಗಿ, ಮಕ್ಕಳಿಲ್ಲದ ಪುರಿಭಟ್ಟಿಯವರಿಗೆ ಕೊಟ್ಟರು. ಅವರು ಒಳ್ಳೆಯವರಾಗಿದ್ದರು. ಆದರೂ ಅವಳು ಇವತ್ತಿಗೂ ಮೀನು ಮುಟ್ಟುವುದಿಲ್ಲ, ಯಾಕೆಂದು ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಜೊಂಡಿನವರು ಸತ್ತಾಗ ಅವರ ಚಾಪೆಯನ್ನು ನೆರಳಿನ ಮುಂದೆ ಹಾಸಿ, ಕೊನೆಯ ಎಳೆಯಿಂದ ಮೊದಲ ಎಳೆಯವರೆಗೆ ಬಿಚ್ಚಬೇಕು. ಒಂದೊಂದು ಎಳೆ ಎಳೆಯುವಾಗಲೂ ಅವರ ಬದುಕಿನ ಒಂದೊಂದು ಸಂಗತಿಯನ್ನು ನಮ್ಮ ಮಾತಿನಲ್ಲಿ ಹೇಳಬೇಕು, ಸತ್ತ ದಿನದಿಂದ ಹಿಂದಕ್ಕೆ, ಹುಟ್ಟಿದ ದಿನದವರೆಗೆ. ಎಲ್ಲ ಬಿಚ್ಚಿದ ಮೇಲೆ ನೆರಳು ಕೆರೆಗೆ ಹೋಗುತ್ತದೆ, ಗೋಡೆಗಲ್ಲ, ನೀರಿಗೆ. ಮಲಗುವ ಚಾಪೆ ಮಣ್ಣು ಸೇರಿದ್ದರೂ ಮಗ್ಗದ ಮೇಲೆ ಅವ್ವ ಅರ್ಧ ನೆಯ್ದಿದ್ದ ಚಾಪೆ ಇತ್ತು. ಅದು ಸಾಕು, ನೆರಳಿನ ಉದ್ದಕ್ಕೆ ಮಗಳು ನೆಯ್ದು ಮುಗಿಸಬೇಕು ಅಷ್ಟೆ, ಎಂದಳು ಹೊನ್ನಾಜಮ್ಮ.

ನನಗೆ ನೆಯ್ಯಲು ಬರುವುದಿಲ್ಲ, ಮಾತೂ ಬರುವುದಿಲ್ಲ ಎಂದೆ.

“ನಿಂಗೆ ನೆರಳದೆ, ಮಾತಿಲ್ಲ. ನಂಗೆ ಮಾತದೆ, ನೆರಳಿಲ್ಲ,” ಎಂದು ಅವಳು ನಕ್ಕಳು. “ಇಬ್ರೂ ಸೇರುದ್ರೆ ಒಬ್ಬ ಜೊಂಡಿನೋಳು ಆಗ್ತೀವೇನೋ.”

ಆಮೇಲೆ ನಗು ನಿಲ್ಲಿಸಿ ಇನ್ನೊಂದು ವಿಷಯ ಹೇಳಿದಳು. ಚಾಪೆ ಬಿಚ್ಚುವಾಗ ಹೇಳಿದ್ದು ಹೇಳಿದವರ ಬಳಿ ಉಳಿಯುವುದಿಲ್ಲ, ಎಳೆಯ ಜೊತೆಗೇ ಹೋಗಿಬಿಡುತ್ತದೆ. ಅದಕ್ಕೇ ಹಿಂದೆಲ್ಲ ಕೇರಿಯವರು ಇಪ್ಪತ್ತು ಜನ ಕೂತು ಒಬ್ಬೊಬ್ಬರು ನಾಲ್ಕೈದು ಎಳೆ ಹಂಚಿಕೊಳ್ಳುತ್ತಿದ್ದರು. ಯಾರಿಗೂ ಬಹಳ ಕಳೆಯುತ್ತಿರಲಿಲ್ಲ. ಈಗ ಹೇಳುವವಳು ಒಬ್ಬಳೇ. ಅವ್ವನ ಬಾಲ್ಯವೆಂದರೆ ಅವಳ ಬಾಲ್ಯವೂ ಹೌದು, ಅವಳು ಜೊಂಡಿನವಳಾಗಿದ್ದ ಏಳು ವರ್ಷವೂ ಅದರೊಳಗೇ ಇದೆ. ಅದು ಹೋದರೆ ಅದರೊಳಗೆ ಕಲಿತ ಮಾತೂ ಹೋಗುತ್ತದೆ. ನಾನು ಹಾಗಾದರೆ ಬೇಡ ಎಂದೆ. ಬೇಡ ಎನ್ನುವಾಗ ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದು ಈಗಲೂ ನೆನಪಿದೆ.

“ಅವಳು ಕೆರೆಗೋಡೆ ಮೇಲೆ ಯಾರೋ ಆಗಿ ನಿಂತ್ಕೊಳ್ಲಿ, ನಾನಿಲ್ಲಿ ಪುರಿ ಹುರ್ಕೊಂಡಿರ್ಲಾ?” ಎಂದಳು ಹೊನ್ನಾಜಮ್ಮ. “ನೀ ಚಾಪೆ ಮುಗ್ಸು ಕಸ್ತೂರಿ. ನನ್ನ ಒಳಕ್ ಕರ್ಕೊಳೋ ದಾರಿ ನೋಡು.” ನನ್ನ ಹೆಸರು ಅವಳಿಗೆ ಗೊತ್ತಿತ್ತು. ನಾನು ಅವಳನ್ನು ಚಿಕ್ಕವ್ವ ಎಂದೆ, ಮೊದಲ ಸಲ.

ನೆಯ್ಗೆಯನ್ನು ನನಗೆ ಕಲಿಸಿದ್ದು ಗೋಡೆ. ಬೆಳಗ್ಗೆ ಒಂಬತ್ತಕ್ಕೆ ಮಗ್ಗದ ಮುಂದೆ ಕೂತು ನೆರಳಿನ ಕೈಗಳನ್ನು ನೋಡಿ ನೋಡಿ ಹಾಗೇ ಮಾಡಿದೆ. ಅದು ತೂರಿಸಿದಾಗ ತೂರಿಸಿದೆ, ಒತ್ತಿದಾಗ ಒತ್ತಿದೆ. ನಾನು ತಪ್ಪಿದಾಗ ನೆರಳು ನಿಲ್ಲುತ್ತಿತ್ತು. ಮತ್ತೆ ಅದೇ ಜಾಗದಿಂದ ಶುರುಮಾಡುತ್ತಿತ್ತು, ಕೋಪವಿಲ್ಲದೆ. ಅವ್ವನಿಗೆ ಬದುಕಿದ್ದಾಗ ಅಷ್ಟು ತಾಳ್ಮೆ ಇರಲಿಲ್ಲ. ಬೆರಳುಗಳ ತುದಿ ಒಡೆದವು. ನನ್ನ ಎಳೆಗಳು ಸೊಟ್ಟವಾಗಿದ್ದವು, ಅವ್ವನ ನೇರ ಸಾಲು ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತೆಂದು ಕುರುಡರೂ ಮುಟ್ಟಿ ಹೇಳಬಹುದಿತ್ತು. ಒಂಬತ್ತನೆಯ ದಿನಕ್ಕೆ ಚಾಪೆ ನೆರಳಿನಷ್ಟು ಉದ್ದವಾಯಿತು.

ಹತ್ತನೆಯ ದಿನ ಹೊನ್ನಾಜಮ್ಮನಿಗಾಗಿ ಅಪ್ಪಣೆ ಕೇಳಲು ಚಾವಡಿಗೆ ಹೋದೆ. ಅಮೀನರು ನನ್ನ ಮಾತನ್ನು ಪೂರ್ತಿ ಕೇಳಿದರು. ಸಾಕವ್ವ ಕೂಡ ಯಾವುದೋ ಸುಣ್ಣದ ಗಾಡಿಯ ಕೆಲಸಕ್ಕೆ ಅಲ್ಲಿ ಬಂದು ಕಟ್ಟೆಯ ಮೇಲೆ ಕೂತಿದ್ದಳು, ನಾನು ನೋಡಿರಲಿಲ್ಲ. ಹಿನ್ನೆರಳಿನ ಹೆಂಗಸು ಎದುರುನೆರಳಿನವರ ಸಾವಿನ ಮನೆಗೆ ಹೋಗುವುದುಂಟೇ, ಗೊತ್ತಾದರೆ ಅವಳ ಭಟ್ಟಿ ಮುಚ್ಚಿಸಬೇಕಾಗುತ್ತದೆ ಎಂದು ಅಮೀನರು ನಿಧಾನವಾಗಿ ಹೇಳಿದರು. ಅಷ್ಟಕ್ಕೂ ನಿನಗೇನಮ್ಮಾ ಕಡಿಮೆ, ಸುಣ್ಣದವರಿದ್ದಾರಲ್ಲ, ನಿನ್ನ ಜನ, ಎಂದರು.

“ಅವರು ನನ್ನ ಜನ ಅಲ್ಲ,” ಎಂದೆ. ಜೀವನದಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಹೊರಗೆ ಬಂದಾಗ ಸಾಕವ್ವ ನನ್ನ ದಾರಿಗೆ ಅಡ್ಡ ನಿಂತಿದ್ದಳು. ಮುಖ ಕೆಂಪಾಗಿತ್ತು. ಮಾತು ಮಾತ್ರ ತಣ್ಣಗಿತ್ತು.

“ನಿಮ್ಮವ್ವನ ಪಾದ ತೊಳ್ದೋಳು ನಾನು. ಬಸ್ಸಲ್ಲಿ ನಿನ್ನ ಎಬ್ಬುಸ್ದಾಗ ನೀ ಜೊಂಡಿನೋಳಾ ಸುಣ್ಣದೋಳಾ ಅಂತ ಯಾವನಾದ್ರೂ ಕೇಳಿದ್ನಾ?”

ಕೇಳಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಅವಳು ಹೇಳಿದ್ದು ನಿಜ, ನಾನು ಹೇಳಿದ್ದೂ ನಿಜ, ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ಬರುತ್ತಿರಲಿಲ್ಲ. ತಡವರಿಸುತ್ತ ಎಲ್ಲವನ್ನೂ ಹೇಳಿದೆ, ಚಾಪೆ, ಎಳೆ, ಹೊನ್ನಾಜಮ್ಮ, ಕೆರೆಗೋಡೆ. ಚಾಪೆಯನ್ನು ಮಣ್ಣಿಗೆ ಕಳಿಸಬಾರದಿತ್ತೆಂಬುದನ್ನೂ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು.

“ಅವತ್ತೇ ಬಾಯ್ಬಿಟ್ಟಿದ್ರೆ ನಾ ಸುತ್ತ್‌ತಿದ್ನೇನೇ, ತಾಯಿ,” ಎಂದಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆ ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಹನ್ನೊಂದನೆಯ ದಿನ ಬೆಳಗ್ಗೆ ನಾನು ಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಪಶ್ಚಿಮದಿಂದ ಬೀದಿಯ ಉದ್ದಕ್ಕೂ ಸುಣ್ಣದ ಕೇರಿಯ ಹದಿನೈದು ಹೆಂಗಸರು ಸೂರ್ಯನಿಗೆ ಮುಖ ಮಾಡಿ ಬರುತ್ತಿದ್ದರು. ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ ತಲೆತುಂಬ ಸೆರಗು ಹೊದ್ದ ಹೊನ್ನಾಜಮ್ಮ. ಅವಳ ನೆರಳು ಹಿಂದಕ್ಕೆ ಬೀಳುತ್ತಿತ್ತು. ಅವರ ಹದಿನೈದು ನೆರಳುಗಳು ಮುಂದಕ್ಕೆ ಬಿದ್ದು ಅದೇ ನೆಲವನ್ನು ಮುಚ್ಚಿಕೊಂಡಿದ್ದವು. ಚಾವಡಿಯ ಮುಂದೆ ಹಾದು ಬರುವಾಗ ಅಮೀನರು ಕಂಬಕ್ಕೆ ಒರಗಿ ನೋಡುತ್ತಿದ್ದರು. ಅವರಿಗೆ ಕಂಡದ್ದು ಒಂದೇ ಕಪ್ಪು, ಅದಕ್ಕೆ ಹದಿನಾರು ಜನ. ಅವರು ಕೈ ಜೋಡಿಸಿ ನಮಸ್ಕಾರ ಮಾಡಿದರು.

ಸಾಕವ್ವ ಒಳಗೆ ಬರಲಿಲ್ಲ. ಹೆಂಗಸರೆಲ್ಲ ಜಗಲಿಯ ಮೇಲೆ ಕೂತರು. ಹೊನ್ನಾಜಮ್ಮ ನಡುಮನೆಗೆ ಬಂದು ಗೋಡೆಯನ್ನು ನೋಡಿದಳು. ಅವ್ವನ ನೆರಳಿನ ಕೈಗಳು ನೆಯ್ಯುವುದನ್ನು ನಿಲ್ಲಿಸಿದವು. ಬಾಗಿದ್ದ ತಲೆ ಮೇಲೆದ್ದಿತು. ಹೊನ್ನಾಜಮ್ಮ ನಮ್ಮ ಮಾತಿನಲ್ಲಿ ಏನೋ ಬೈದಳು, ಪ್ರೀತಿಯ ಬೈಗುಳ ಎಂದು ದನಿಯಿಂದ ಗೊತ್ತಾಯಿತು. ಆಮೇಲೆ ಚಾಪೆಯ ಅಂಚಿಗೆ ಕೂತು ಮೊದಲ ಎಳೆ ಎಳೆದಳು.

ಅದು ನಾನು ನೆಯ್ದ ಎಳೆ. ಆ ಐದು ದಿನಗಳ ನನ್ನ ಎಳೆಗಳು ಬೇಗ ಬೇಗ ಬಿಚ್ಚಿಕೊಂಡವು. ಆಮೇಲೆ ಅವ್ವನ ನೇರ ಸಾಲುಗಳು ಬಂದವು. ಹೊನ್ನಾಜಮ್ಮ ಹೇಳುತ್ತ ಹೋದಳು. ನಾನು ಎಳೆಗಳನ್ನು ತೆಗೆದು ಪಕ್ಕಕ್ಕಿಟ್ಟೆ. ನಡುವೆ ಎಲ್ಲೋ ‘ನೀರು’ ಬಂತು, ನನ್ನ ಹೆಸರು ಬಂತು, ಅಪ್ಪನ ಹೆಸರು ಬಂತು. ಒಂದು ಕಡೆ ಅವಳು ಬಿದ್ದು ಬಿದ್ದು ನಕ್ಕಳು, ಏನೆಂದು ನನಗೆ ತಿಳಿಯಲಿಲ್ಲ, ಕೇಳಿದರೆ ಆಗಲೇ ಅವಳಿಗೂ ತಿಳಿಯುತ್ತಿರಲಿಲ್ಲವೇನೋ. ಗೋಡೆಯ ಮೇಲೆ ಅವ್ವನ ಬೆನ್ನು ನೆಟ್ಟಗಾಗುತ್ತ ಬಂತು. ತುರುಬು ದಪ್ಪವಾಯಿತು. ಒಂದು ಹೊತ್ತಿನಲ್ಲಿ ಹೊಟ್ಟೆ ಉಬ್ಬಿಕೊಂಡಿತ್ತು. ಅದರೊಳಗೆ ಇದ್ದದ್ದು ನಾನೇ. ಇನ್ನೂ ಹತ್ತು ಎಳೆಗಳ ಆಚೆಗೆ ತುರುಬು ಬಿಚ್ಚಿ ಎರಡು ಜಡೆಯಾಯಿತು. ಆಮೇಲೆ ಲಂಗದ ಹುಡುಗಿ. ಬೊಗಸೆ ಅಗಲದಷ್ಟು ಚಾಪೆ ಉಳಿದಿತ್ತು.

ಅಲ್ಲಿ ಹೊನ್ನಾಜಮ್ಮನ ಕೈ ನಿಂತಿತು. ಅವಳು ನನ್ನ ಕಡೆ ತಿರುಗಿ ಊರಿನ ಮಾತಿನಲ್ಲಿ ಹೇಳಿದಳು.

“ಇಲ್ಲಿಂದ ಆಚ್ಗೆ ನಾನೂ ಇದೀನಿ ಕಸ್ತೂರಿ. ನಿಲ್ಲುಸ್ಲಾ?”

ನಿಲ್ಲಿಸಿದರೆ ಏಳು ವರ್ಷದ ಒಂದು ಹುಡುಗಿ ಸಂ‍ಜೆಯ ಹೊತ್ತಿಗೆ ಮನೆ ಬಿಟ್ಟು ಹೋಗಿ ಆ ಗೋಡೆಯ ನೂರಾರು ಕಿವಿ ಮೊಣಕೈಗಳ ನಡುವೆ ನಿಲ್ಲಬೇಕಿತ್ತು. ನಿಲ್ಲಿಸದಿದ್ದರೆ ನನ್ನ ಎದುರಿಗೆ ಕೂತಿರುವವಳು ತನ್ನ ಬಾಲ್ಯವನ್ನೇ ಕಳೆದುಕೊಳ್ಳಬೇಕಿತ್ತು. ನನಗೆ ಯೋಚನೆ ಮಾಡಲು ಸಮಯವಿತ್ತು, ಅವಳು ಅವಸರ ಮಾಡಲಿಲ್ಲ. ಸುಮ್ಮನಿದ್ದರೂ ಅವಳು ತಾನಾಗಿಯೇ ಮುಂದುವರಿಸುತ್ತಿದ್ದಳು, ಆಗ ಅದು ಅವಳ ನಿರ್ಧಾರವಾಗುತ್ತಿತ್ತು. ಅದು ನನಗೆ ಗೊತ್ತಿತ್ತು.

“ಹೇಳು ಚಿಕ್ಕವ್ವ,” ಎಂದೆ.

ಅವಳು ತಲೆಯಾಡಿಸಿ ಎಳೆ ಎಳೆದಳು. ಗೋಡೆಯ ಮೇಲಿನ ಹುಡುಗಿಯ ಪಕ್ಕದಲ್ಲಿ ಇನ್ನೊಂದು ನೆರಳು ಮೂಡಿತು, ಅಷ್ಟೇ ಎತ್ತರದ್ದು. ಎರಡೂ ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಆಡುತ್ತಿದ್ದವು, ಬೆಳಕಿನ ಕಡೆಗೂ, ಬೆಳಕಿನಿಂದ ಆಚೆಗೂ. ಎಳೆ ಕಡಿಮೆಯಾದಂತೆ ಎರಡೂ ಚಿಕ್ಕವಾದವು. ಯಾವುದು ಅವ್ವ, ಯಾವುದು ಹೊನ್ನಾಜಮ್ಮ ಎಂದು ನಾನು ಕಣ್ಣಿಟ್ಟು ಹುಡುಕಿದೆ, ತಿಳಿಯಲಿಲ್ಲ. ಹೊನ್ನಾಜಮ್ಮನ ಮಾತು ನಿಧಾನವಾಗುತ್ತ ಬಂತು. ಪದಕ್ಕಾಗಿ ತಡಕಾಡತೊಡಗಿದಳು, ಒಂದೊಂದು ವಾಕ್ಯ ಎರಡೇ ಪದವಾಯಿತು, ಕೊನೆಯ ಎಳೆಗಳ ಹೊತ್ತಿಗೆ ಮಕ್ಕಳ ತೊದಲಿನಂತೆ ಬರೀ ಸದ್ದು. ಕೊನೆಯ ಎಳೆ ಹುರಿಯಿಂದ ಜಾರಿ ಅವಳ ಮಡಿಲಿಗೆ ಬಿತ್ತು. ಗೋಡೆ ಬೆಳ್ಳಗಿತ್ತು. ಮೂರು ಕೈ ಸುಣ್ಣ ಬಳಿದ ಗೋಡೆ, ಅಷ್ಟೆ.

ಮಧ್ಯಾಹ್ನ ಮೀರಿತ್ತು. ಹೊನ್ನಾಜಮ್ಮ ಮಡಿಲಿನ ಜೊಂಡನ್ನು ಕೊಡವಿ ಎದ್ದಳು. ಮಗ್ಗವನ್ನು, ಗೋಡೆಯನ್ನು, ನನ್ನನ್ನು ಒಂದಾದ ಮೇಲೊಂದರಂತೆ ನೋಡಿದಳು, ಸಂತೆಯಲ್ಲಿ ದಾರಿ ತಪ್ಪಿದವರು ನೋಡುವ ಹಾಗೆ. ಬಾಗಿಲ ಕಡೆ ನಡೆದಳು. ನಾನು ಹಿಂದೆಯೇ ಹೋಗಿ ಹೊಸಿಲ ಮೇಲೆ ನಿಂತು ಚಿಕ್ಕವ್ವ ಎಂದು ಕರೆದೆ. ಪಶ್ಚಿಮಕ್ಕೆ ವಾಲಿದ್ದ ಬಿಸಿಲಿಗೆ ನನ್ನ ನೆರಳು ಮುಂದಕ್ಕೆ ಚಾಚಿ ಮೆಟ್ಟಿಲಲ್ಲಿದ್ದ ಅವಳ ಭುಜದ ಮೇಲೆ ಬಿತ್ತು. ಅವಳು ಸರಕ್ಕನೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು.

“ನೀವು ಎದುರುನೆರಳಿನೋರು,” ಎಂದಳು, ಬೈಯುವ ದನಿಯಲ್ಲಲ್ಲ, ತಿಳಿಹೇಳುವ ದನಿಯಲ್ಲಿ. “ನನ್ನ ಯಾಕವ್ವ ಚಿಕ್ಕವ್ವ ಅಂತೀರಿ?”

ಸಾಕವ್ವ ಜಗಲಿಯಿಂದ ನನ್ನ ಮುಖ ನೋಡಿದಳು. ಅವಳಿಗೆ ನಾನು ಏನನ್ನೂ ಹೇಳಬೇಕಾಗಲಿಲ್ಲ. ಹೊನ್ನಾಜಮ್ಮ ಆಗಲೇ ಬೀದಿಗಿಳಿದು ತನ್ನ ಮನೆಯ ದಿಕ್ಕಿಗೆ ನಡೆಯುತ್ತಿದ್ದಳು. ಅವಳ ಹಿಂದೆ ಅವಳ ನೆರಳು ಸಾವಿನ ಮನೆಯ ಕಡೆಗೇ ಬೊಟ್ಟು ಮಾಡಿದಂತೆ ಉದ್ದಕ್ಕೆ ಬಿದ್ದಿತ್ತು, ಮುಂದೆ ಚಾವಡಿ ಇತ್ತು, ಅಮೀನರ ಕಣ್ಣಿತ್ತು. ಸಾಕವ್ವ ಏಳಿ ಎಂದು ಕೈಸನ್ನೆ ಮಾಡಿದಳು. ಹದಿನೈದು ಹೆಂಗಸರೂ ಎದ್ದು ಅವಳ ಹಿಂದೆ ಹೊರಟರು, ತಮ್ಮ ನೆರಳುಗಳನ್ನು ಅವಳ ನೆರಳಿನ ಮೇಲೆ ಹೊದಿಸಿಕೊಂಡು. ನಾನೂ ಹೋಗಿ ಸೇರಿಕೊಂಡೆ. ಹೆಜ್ಜೆಯ ಸದ್ದಿಗೆ ಹೊನ್ನಾಜಮ್ಮ ತಿರುಗಿ ನೋಡಿದಳು. ಇಷ್ಟೊಂದು ಎದುರುನೆರಳಿನವರು ತನ್ನ ಬೆನ್ನು ಹತ್ತಿ ಯಾಕೆ ಬರುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಹೆಜ್ಜೆ ಬಿರುಸು ಮಾಡಿದಳು. ನಾವೂ ಬಿರುಸು ಮಾಡಿದೆವು. ಅವಳು ಮತ್ತೆ ತಿರುಗಿ ನೋಡಿದಳು, ಕಣ್ಣಲ್ಲಿ ಹೆದರಿಕೆ ಇತ್ತು, ಬಾಯಲ್ಲಿ ದೇವರ ಹೆಸರೋ ಏನೋ. ಚಾವಡಿ ಹತ್ತಿರ ಬರುತ್ತಿತ್ತು. ನಿಲ್ಲುವ ಹಾಗಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅವಳು ಓಡತೊಡಗಿದಳು, ನಾವೂ ಅವಳ ಹಿಂದೆ ಓಡಿದೆವು.